ಗೆರೆ ಅಗೆದದ್ದೋ, ಉಳಿಸಿದ್ದೋ?

ಓದುಗರ ಪ್ರಶ್ನೆ – ಮುದ್ರಣ ಕಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೆರೆಯ ಬಗ್ಗೆಯೇ ಇವೆ. ಕಾಗದದ ಮೇಲೆ ಚುರುಕಾಗಿದ್ದ ಗೆರೆ ಪ್ರಿಂಟಿಗೆ ಬಂದಾಗ ಮಂಕಾಗುತ್ತದೆ, ಒಂದೇ ದಪ್ಪವಾಗುತ್ತದೆ, ಇಂಕು ತುಂಬಿ ಮುಚ್ಚಿಹೋಗುತ್ತದೆ. ಬೇರೆ ಬೇರೆ ಮಾಧ್ಯಮದವರು ಬರೆದಿದ್ದರೂ ತೊಂದರೆಯ ಬೇರು ಒಂದೇ ಕಡೆ ಇದೆ. ಪೆನ್ಸಿಲ್ ಗೆರೆಯನ್ನು ಎಳೆಯುತ್ತೇವೆ. ಅಚ್ಚಿನ ಗೆರೆಯನ್ನು ಒಂದೋ ಅಗೆಯುತ್ತೇವೆ, ಇಲ್ಲವೇ ಸುತ್ತ ಅಗೆದು ಉಳಿಸುತ್ತೇವೆ. ಯಾವುದನ್ನು ಮಾಡುತ್ತಿದ್ದೇವೆ ಎಂದು ಕೈಗೆ ಗೊತ್ತಿಲ್ಲದಿದ್ದರೆ ಗೆರೆಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಪೆನ್ಸಿಲಿನಲ್ಲಿ ಬರೆದ ಮುಖ ಚೆನ್ನಾಗಿಯೇ ಇರುತ್ತದೆ. ಅದನ್ನು ಲಿನೋ (ಉಳಿಯಿಂದ ಕೊರೆಯುವ ಲಿನೋಲಿಯಂ ಹಾಳೆ) ಮೇಲೆ ಟ್ರೇಸ್ ಮಾಡಿ, ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೊರೆದು ಪ್ರಿಂಟ್ ತೆಗೆದರೆ ತಂತಿ ಬಗ್ಗಿಸಿ ಮಾಡಿದ ಮುಖದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಟ್ರೇಸ್ ಮಾಡಿದ್ದು ತಪ್ಪಲ್ಲ. ಪೆನ್ಸಿಲ್ ಗೆರೆಯನ್ನು ಅದರ ದಪ್ಪದಲ್ಲೇ ಉಳಿಸಲು ಹೊರಟದ್ದು ತಪ್ಪು. ಲಿನೋದಲ್ಲಿ ಇಂಕು ಹತ್ತುವುದು ಕೊರೆಯದೆ ಉಳಿದ ಜಾಗಕ್ಕಷ್ಟೇ, ಹಾಗಾಗಿ ಒಂದು ಕಪ್ಪು ಗೆರೆ ನಿಲ್ಲಬೇಕಾದರೆ ಉಳಿ ಎರಡು ಸಲ ಓಡಬೇಕು: ಗೆರೆಯ ಈಚೆ ಒಮ್ಮೆ, ಆಚೆ ಒಮ್ಮೆ. ಗೆರೆ ಕಡಿದುಹೋದೀತೆಂದು ಹೆದರಿದ ಕೈ ಎರಡು ಸಲವೂ ಪೆನ್ಸಿಲ್ ಗುರುತನ್ನೇ ಹಿಡಿದುಕೊಂಡು ಹೋಗುತ್ತದೆ. ಎರಡು ಅಂಚೂ ಸಮಾನಾಂತರವಾಗಿ ಬರುತ್ತವೆ. ನೀವು ಹೇಳುವ ತಂತಿ ಹುಟ್ಟುವುದು ಅಲ್ಲಿ.

ಎರಡು ಅಂಚುಗಳಿಗೂ ಬೇರೆ ಬೇರೆ ಕೆಲಸ ಕೊಡಿ. ಕೆನ್ನೆಯ ಗೆರೆಯನ್ನೇ ತೆಗೆದುಕೊಳ್ಳಿ. ಅದರ ಒಳಗಿನ ಅಂಚು ಕೆನ್ನೆಗೆ ಸೇರಿದ್ದು, ಹೊರಗಿನ ಅಂಚು ಹಿಂದಿನ ಬಯಲಿಗೆ ಸೇರಿದ್ದು. ಒಳಗಿನದನ್ನು ಮೂಳೆ ಮಾಂಸಗಳ ಉಬ್ಬುತಗ್ಗನ್ನು ನೋಡುತ್ತ ನಿಧಾನವಾಗಿ ಕೊರೆಯಿರಿ. ಹೊರಗಿನದನ್ನು ಒಂದೇ ಓಟದಲ್ಲಿ ಮುಗಿಸಿ. ನಡುವೆ ಉಳಿಯುವ ಗೆರೆ ದವಡೆಯ ಕೆಳಗೆ 3 ಮಿ.ಮೀ. ದಪ್ಪವಾಗಿ, ಕೆನ್ನೆಯೆಲುಬಿನ ಹತ್ತಿರ ಅರ್ಧ ಮಿ.ಮೀ.ಗೆ ಇಳಿದು, ಬೆಳಕು ಬೀಳುವ ಹಣೆಯ ಕಡೆ ಇಲ್ಲವೇ ಇಲ್ಲ ಎನ್ನುವಂತಾಗಬಹುದು. ಆಗಲಿ ಬಿಡಿ. ಅಲ್ಲಿ ಕಡಿದ ಗೆರೆಯನ್ನು ನೋಡುವವರ ಕಣ್ಣೇ ಕೂಡಿಸಿಕೊಳ್ಳುತ್ತದೆ.

ಇನ್ನೊಂದು ದಾರಿ ಲಿನೋಗೆ ಇನ್ನೂ ಹತ್ತಿರದ್ದು, ಅದು ಬಿಳಿ ಗೆರೆ. ಉಳಿ ಓಡಿದ ಜಾಗವೇ ಚಿತ್ರ, ಮುಟ್ಟದ ಜಾಗ ಕಪ್ಪು. ದಂಡಿ ಯಾತ್ರೆಯ ಸಮಯದಲ್ಲಿ, 1930ರಲ್ಲಿ, ಬಂಗಾಳದ ಕಲಾವಿದ ನಂದಲಾಲ್ ಬೋಸ್ ಮಾಡಿದ ಗಾಂಧೀಜಿಯ ಲಿನೋಕಟ್ ನೆನಪಿಸಿಕೊಳ್ಳಿ. ಅಚ್ಚ ಕಪ್ಪಿನ ಮೇಲೆ ಎಣಿಸಬಹುದಾದಷ್ಟು ಬಿಳಿ ಗೆರೆಗಳು. ಕೋಲು ಹಿಡಿದು ನಡೆಯುವ ಮುದುಕ. ಕಾಲಿನ ನರ, ಪಂಚೆಯ ಮಡಿಕೆ, ಬೆನ್ನಿನ ಬಾಗು ಎಲ್ಲವೂ ಅಗೆದ ಗೆರೆಗಳೇ. ಆ ಗೆರೆಗಳಲ್ಲಿ ಪೆನ್ಸಿಲಿನ ನೆರಳೂ ಇಲ್ಲ. ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನು ನೋಡಿದವರಿಗೆ ಈ ಲೆಕ್ಕ ಹೊಸದಲ್ಲ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಹಸಿ ಇರುವಾಗಲೇ ಅದನ್ನು ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಹೊರಬರುತ್ತದೆ. ಅಲ್ಲಿಯೂ ಕೈ ಬಣ್ಣ ಹಚ್ಚುವುದಿಲ್ಲ, ತೆಗೆಯುತ್ತದೆ.

ಬಿಳಿ ಗೆರೆಗೆ ವಿ ಉಳಿಯೇ (ಬಾಯಿ ಇಂಗ್ಲಿಷಿನ V ಆಕಾರದಲ್ಲಿರುವ ಉಳಿ) ಮುಖ್ಯ ಸಾಧನ. ಅದರ ಗುಟ್ಟು ಇಷ್ಟೆ: ಆಳವೇ ಅಗಲ. 60 ಡಿಗ್ರಿಯ ವಿ ಉಳಿ ಅರ್ಧ ಮಿ.ಮೀ. ಇಳಿದರೆ ಗೆರೆ ಸುಮಾರು 0.6 ಮಿ.ಮೀ. ಅಗಲ, 1.5 ಮಿ.ಮೀ. ಇಳಿದರೆ ಸುಮಾರು 1.7 ಮಿ.ಮೀ. ಅಂದರೆ ಓಡುತ್ತಿರುವ ಉಳಿಯ ಹಿಡಿಯನ್ನು ಅಂಗೈ ಒಂದಿಷ್ಟು ಎತ್ತಿದರೆ ಗೆರೆ ಹಿಗ್ಗುತ್ತದೆ, ಇಳಿಸಿದರೆ ಕುಗ್ಗುತ್ತದೆ, ಪೂರ್ತಿ ಇಳಿಸಿದರೆ ಮೊನೆಯಾಗಿ ಮುಗಿಯುತ್ತದೆ. ಯು ಉಳಿಯಲ್ಲಿ ಇದು ಸಿಗದು. ಅದರ ಗೆರೆ ಬೇಗ ಪೂರ್ಣ ಅಗಲಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ತುದಿ ಉಗುರಿನ ಹಾಗೆ ದುಂಡಗಿರುತ್ತದೆ. ಒಂದು ಹಳೆಯ ತುಂಡಿನ ಮೇಲೆ ಹತ್ತು ಸೆಂ.ಮೀ. ಉದ್ದದ ಗೆರೆಗಳನ್ನು ಐವತ್ತು ಸಲ ಕೊರೆಯಿರಿ. ಪ್ರತಿ ಗೆರೆಯೂ ತೆಳುವಾಗಿ ಹುಟ್ಟಿ, ನಡುವೆ ಉಬ್ಬಿ, ತೆಳುವಾಗಿ ಸಾಯಲಿ. ಮುಖ ಕೊರೆಯುವುದು ಆಮೇಲೆ.

ತಿರುವು ಬಂದಾಗ ಕೈಯನ್ನು ತಿರುಗಿಸಬೇಡಿ, ಲಿನೋವನ್ನೇ ತಿರುಗಿಸಿ. ಬಲಗೈ ಉಳಿಯನ್ನು ಮುಂದಕ್ಕೆ ತಳ್ಳುತ್ತಿರುವಾಗ ಎಡಗೈ ತುಂಡನ್ನು ಅದರ ಕಡೆಗೆ ಸುತ್ತಿಸಬೇಕು. ಎಡಗೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಜಾರಿದ ಉಳಿ ಮುಂದಿರುವುದನ್ನೇ ಚುಚ್ಚುತ್ತದೆ. ಉಳಿಸುವ ಗೆರೆಯ ಗೋಡೆಗಳು ಕೆಳಕ್ಕೆ ಹೋದಂತೆ ಅಗಲವಾಗಬೇಕು, ಗದ್ದೆಯ ಬದುವಿನ ಹಾಗೆ. ಗೋಡೆಯ ಬುಡ ಕೊರೆದುಹೋದರೆ ಮೊದಲ ನಾಲ್ಕು ಪ್ರಿಂಟ್ ಚೆನ್ನಾಗಿ ಬಂದು ಐದನೆಯದಕ್ಕೆ ಗೆರೆ ಕುಸಿಯುತ್ತದೆ. ಅದನ್ನು ಮತ್ತೆ ನಿಲ್ಲಿಸಲು ಆಗುವುದಿಲ್ಲ.

ಕೊನೆಯದಾಗಿ, ಪ್ರಿಂಟಿನಲ್ಲಿ ಎಡ ಬಲವಾಗುತ್ತದೆ. ಟ್ರೇಸ್ ಮಾಡುವ ಮೊದಲು ಡ್ರಾಯಿಂಗನ್ನು ಕನ್ನಡಿಯಲ್ಲಿ ನೋಡಿ. ನೇರವಾಗಿ ನೋಡಿದಾಗ ಕಾಣದ ಓರೆಗಳೆಲ್ಲ ಅಲ್ಲಿ ಕಾಣುತ್ತವೆ.

ಪ್ರಶ್ನೆ: ನಮ್ಮೂರಲ್ಲಿ ಲಿನೋ ಸಿಗುವುದಿಲ್ಲ. ಪ್ಲೈವುಡ್ ಮೇಲೆ ಕೊರೆದರೆ ಸಿಬಿರೆದ್ದು ಗೆರೆಯ ಅಂಚು ಹಾಳಾಗುತ್ತದೆ. ಎಂಡಿಎಫ್ ಬಳಸಬಹುದೇ?
– ಹೈಸ್ಕೂಲ್ ಚಿತ್ರಕಲಾ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಬಳಸಬಹುದು. ಎಂಡಿಎಫ್ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಎಳೆ ಇಲ್ಲದ ಕಾರಣ ಎಲ್ಲ ದಿಕ್ಕಿಗೂ ಒಂದೇ ರೀತಿ ಕೊರೆಯುತ್ತದೆ. ಆದರೆ ಬಹಳ ತೆಳುವಾದ ಗೆರೆ ಉಳಿಸಿದರೆ ಉದುರುತ್ತದೆ, ಉಳಿ ಬೇಗ ಮೊಂಡಾಗುತ್ತದೆ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳಿಗೆ ಕೊಡುವುದಾದರೆ ಮಾಸ್ಕ್ ಬೇಕೇ ಬೇಕು, ಕಿಟಕಿ ತೆರೆದಿರಬೇಕು.

ಪ್ಲೈವುಡ್ಡನ್ನೇ ಒಲಿಸಿಕೊಳ್ಳುವುದು ಮೇಲು. 4ರಿಂದ 6 ಮಿ.ಮೀ.ಯದು ಸಾಕು. ಬಡಗಿಗಳು ಬಳಸುವ ಅರಗಿನ ಪಾಲಿಶನ್ನು ಸ್ಪಿರಿಟ್ಟಿನಲ್ಲಿ ತೆಳುಮಾಡಿ ಒಂದು ಕೈ ಬಳಿದು ಒಣಗಿಸಿ. ಮೇಲ್ಪದರದ ಎಳೆಗಳು ಬಿಗಿಯುತ್ತವೆ. ಎಳೆಗೆ ಅಡ್ಡವಾಗಿ ಬರುವ ಗೆರೆಗಳಿಗೆ ಮೊದಲು ಚಾಕು, ಆಮೇಲೆ ಉಳಿ. ಉಳಿಸುವ ಗೆರೆಯಿಂದ ಹೊರಕ್ಕೆ ಓರೆಯಾಗಿ ಚಾಕುವಿನಲ್ಲಿ ಸುಮಾರು 1 ಮಿ.ಮೀ. ಆಳದ ಗೀಟು ಹಾಕಿ, ಆ ಗೀಟಿನ ಕಡೆಗೇ ಉಳಿಯನ್ನು ತಂದು ನಿಲ್ಲಿಸಿ. ಸಿಬಿರು ಗೀಟನ್ನು ದಾಟುವುದಿಲ್ಲ.

ಎಳೆಯನ್ನು ಶತ್ರುವೆಂದುಕೊಳ್ಳಬೇಡಿ ಎಂದು ಮಕ್ಕಳಿಗೂ ಹೇಳಿ. ನಾರ್ವೆಯ ಎಡ್ವರ್ಡ್ ಮುಂಕ್ 1890ರ ದಶಕದ ಕೊನೆಯಲ್ಲಿ ಮಾಡಿದ 'ಚುಂಬನ' ಎಂಬ ವುಡ್‌ಕಟ್ಟಿನಲ್ಲಿ (ಮರದ ಹಲಗೆ ಕೊರೆದು ತೆಗೆದ ಪ್ರಿಂಟ್) ಮರದ ಎಳೆಗಳು ಇಡೀ ಹಿನ್ನೆಲೆಯಾಗಿ ಮೂಡಿವೆ. ತಬ್ಬಿನಿಂತ ಇಬ್ಬರು ಒಂದೇ ಕಪ್ಪು ಆಕಾರ, ಸುತ್ತ ಮಳೆಯಂತೆ ಇಳಿಯುವ ಮರದ ಗೆರೆ. ಆ ಗೆರೆಗಳನ್ನು ಯಾರೂ ಕೊರೆದಿಲ್ಲ. ಕೊರೆಯುವ ಮೊದಲು ಹಲಗೆಯನ್ನು ತಂತಿ ಬ್ರಷ್ಷಿನಿಂದ ಎಳೆಯ ಉದ್ದಕ್ಕೆ ಗಟ್ಟಿಯಾಗಿ ಉಜ್ಜಿ. ಮೆತ್ತನೆಯ ಭಾಗ ಸವೆದು ಗಟ್ಟಿ ಎಳೆ ಮೇಲೇಳುತ್ತದೆ. ಇಂಕನ್ನು ತೆಳುವಾಗಿ ಹಚ್ಚಿದರೆ ಅದಷ್ಟೇ ಅಚ್ಚಾಗುತ್ತದೆ. ಎಳೆ ನಿಂತಂತೆ ಬೇಕೋ ಮಲಗಿದಂತೆ ಬೇಕೋ ಎಂಬುದು ಮಾತ್ರ ಡ್ರಾಯಿಂಗಿಗೂ ಮೊದಲೇ ನಿರ್ಧಾರವಾಗಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಸಣ್ಣ ಗೆರೆಗಳೆಲ್ಲ ಇಂಕು ತುಂಬಿ ಮುಚ್ಚಿಹೋಗುತ್ತವೆ.
– ಓದುಗರೊಬ್ಬರು, ಮಂಗಳೂರು

ಮಳೆಗಾಲದ ದೋಷ ಪ್ರಿಂಟ್ ಒಣಗುವುದು ತಡವಾಗುವುದಷ್ಟೇ. ಗೆರೆ ತುಂಬುವುದಕ್ಕೆ ಕಾರಣ ಇಂಕು ಹೆಚ್ಚಾಗಿರುವುದು, ತೆಳುವಾಗಿರುವುದು ಅಥವಾ ರೋಲರ್ ಅತಿ ಮೆತ್ತಗಿರುವುದು. ಗಾಜಿನ ಮೇಲೆ ಇಂಕು ಉರುಳಿಸುವಾಗ ಕಿವಿಗೊಡಿ. ಪಚಪಚ ಎಂದರೆ ಹೆಚ್ಚಾಯಿತು. ರೇಷ್ಮೆ ಸೀರೆ ಸರಿದಂತೆ ಸಣ್ಣಗೆ ಸುಂಯ್‌ಗುಟ್ಟಬೇಕು. ಮುದ್ರಣಾಲಯದ ಆಫ್‌ಸೆಟ್ ಇಂಕು ಬಳಸುವವರು ಅದನ್ನು ಗಟ್ಟಿಮಾಡಲು ಮೆಗ್ನೀಸಿಯಂ ಕಾರ್ಬನೇಟ್ ಪುಡಿ ಸೇರಿಸಿ, ಒಂದು ಚಮಚ ಇಂಕಿಗೆ ಕಾಲು ಚಮಚದಿಂದ ಶುರು ಮಾಡಿ ಚಾಕುವಿನಲ್ಲಿ ಚೆನ್ನಾಗಿ ನಾದಿ. ಒಂದೇ ಸಲ ದಪ್ಪ ಪದರ ಹಚ್ಚುವ ಬದಲು ದಿಕ್ಕು ಬದಲಿಸುತ್ತ ನಾಲ್ಕೈದು ತೆಳು ಪದರ ಹಚ್ಚಿ. ಪ್ರೆಸ್ ಇಲ್ಲದಿದ್ದರೆ 40ರಿಂದ 70 ಜಿಎಸ್ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ನೇಪಾಳಿ ಕಾಗದ, ಅದರ ಮೇಲೆ ಉಜ್ಜಲು ಮರದ ಸೌಟಿನ ಬೆನ್ನು ಸಾಕು. ತುಂಬಿದ ಗೆರೆಯನ್ನು ಸೂಜಿಯಿಂದ ಕೆದಕಬೇಡಿ. ಎರಡು ಮೂರು ಪ್ರಿಂಟನ್ನು ಇಂಕು ಹಚ್ಚದೆ ರದ್ದಿ ಕಾಗದದ ಮೇಲೆ ತೆಗೆಯಿರಿ, ತಾನೇ ಬಿಡುತ್ತದೆ.

ಪ್ರಶ್ನೆ: ಸತುವಿನ ಪ್ಲೇಟ್ ಮೇಲೆ ಎಚಿಂಗ್ ಕಲಿಯುತ್ತಿದ್ದೇನೆ. ಎಷ್ಟು ಒತ್ತಿ ಬರೆದರೂ ಎಲ್ಲ ಗೆರೆಯೂ ಒಂದೇ ಕಪ್ಪು. ಹತ್ತಿರದ ಮರ, ದೂರದ ಗುಡ್ಡ ಎರಡೂ ಒಂದೇ ಕಡೆ ನಿಂತ ಹಾಗಿದೆ.
– ಕಲಾ ವಿದ್ಯಾರ್ಥಿ, ಮೈಸೂರು

ಎಚಿಂಗ್ ಎಂದರೆ ಆಮ್ಲದಿಂದ ಲೋಹದಲ್ಲಿ ಗೆರೆ ಕಚ್ಚಿಸುವುದು, ಅಲ್ಲಿ ಒತ್ತಿ ಬರೆದು ಉಪಯೋಗವಿಲ್ಲ. ಲಿನೋದ ಹಾಗಲ್ಲ, ಇಲ್ಲಿ ಇಂಕು ನಿಲ್ಲುವುದು ಗೆರೆಯ ಒಳಗೆ. ಸೂಜಿಯ ಕೆಲಸ ಪ್ಲೇಟಿಗೆ ಬಳಿದ ಮೇಣದ ಪದರವನ್ನು (ಇದೇ ಗ್ರೌಂಡ್) ಸರಿಸಿ ಲೋಹವನ್ನು ತೆರೆದಿಡುವುದಷ್ಟೇ. ಗೆರೆಯ ಕಪ್ಪನ್ನು ನಿರ್ಧರಿಸುವುದು ಆಮ್ಲದಲ್ಲಿ ಕಳೆದ ಸಮಯ. ಹೆಚ್ಚು ಹೊತ್ತು ಕಚ್ಚಿದ ಗೆರೆ ಆಳ, ಆಳದ ಗೆರೆ ಹೆಚ್ಚು ಇಂಕು ಹಿಡಿಯುತ್ತದೆ. ನೀವು ಇಡೀ ಪ್ಲೇಟನ್ನು ಒಂದೇ ಸಲ ಮುಳುಗಿಸಿ ತೆಗೆದಿದ್ದೀರಿ, ಅದಕ್ಕೇ ಗುಡ್ಡವೂ ಮರವೂ ಒಂದೇ ಸಾಲಿಗೆ ಬಂದವು.

ಮಾಡಬೇಕಾದ್ದು ಹಂತಹಂತದ ಕಚ್ಚುವಿಕೆ. ಮೊದಲು ಒಂದು ಪರೀಕ್ಷೆ ಪಟ್ಟಿ: 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ತುಂಡು. ಅದೇ ಗ್ರೌಂಡ್, ಅದೇ ಸೂಜಿ, ಉದ್ದಕ್ಕೂ ಒಂದೇ ರೀತಿಯ ಗೆರೆಗಳು. ನೈಟ್ರಿಕ್ ಆಮ್ಲ ಒಂದು ಪಾಲು, ನೀರು ಹತ್ತು ಪಾಲು. 5 ನಿಮಿಷಕ್ಕೆ ತೆಗೆದು ತೊಳೆದು ಒಣಗಿಸಿ, ಕಾಲು ಭಾಗಕ್ಕೆ ವಾರ್ನಿಷ್ ಬಳಿದು ಮುಚ್ಚಿ. ಮತ್ತೆ ಮುಳುಗಿಸಿ ಒಟ್ಟು 10 ನಿಮಿಷಕ್ಕೆ ತೆಗೆದು ಇನ್ನೊಂದು ಭಾಗ ಮುಚ್ಚಿ. ಹಾಗೆಯೇ 20, 40. ಐದೈದು ನಿಮಿಷ ಕೂಡಿಸುತ್ತ ಹೋಗುವ ಬದಲು ದುಪ್ಪಟ್ಟು ಮಾಡುವುದಕ್ಕೆ ಕಾರಣವಿದೆ: 5ಕ್ಕೂ 10ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ, 35ಕ್ಕೂ 40ಕ್ಕೂ ಇರುವುದು ಕಾಣುವುದೇ ಇಲ್ಲ. ಈ ಪಟ್ಟಿಯ ಪ್ರಿಂಟನ್ನು ಆಮ್ಲದ ಟ್ರೇ ಮೇಲಿನ ಗೋಡೆಗೆ ಅಂಟಿಸಿ. ಏಪ್ರಿಲ್ ಮಧ್ಯಾಹ್ನದ ಪಟ್ಟಿ ಡಿಸೆಂಬರ್ ಬೆಳಿಗ್ಗೆಗೆ ಹೊಂದುವುದಿಲ್ಲ. ಸೆಕೆಯಲ್ಲಿ ಆಮ್ಲ ಬೇಗ ಕಚ್ಚುತ್ತದೆ, ಕೆಲಸ ಮಾಡುತ್ತ ಮಾಡುತ್ತ ತಾನೂ ಬಿಸಿಯಾಗುತ್ತದೆ.

ಚಿತ್ರಕ್ಕೆ ಬಂದಾಗ: ಮೊದಲು ಮುಚ್ಚುವುದು ದೂರದ ಗುಡ್ಡವನ್ನು, ಕೊನೆಯವರೆಗೆ ತೆರೆದಿಡುವುದು ಹತ್ತಿರದ ಮರದ ಬೊಡ್ಡೆಯನ್ನು. ಹದಿನೇಳನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಾಕ್ ಕ್ಯಾಲೊ ಅಂಗೈಯಗಲದ ಪ್ಲೇಟುಗಳಲ್ಲಿ ನೂರಾರು ಜನರ ಸಂತೆ, ಸೈನ್ಯಗಳನ್ನು ತುಂಬಿಸಿದ್ದು ಈ ಬಲದಿಂದಲೇ. ಮುಂದಿನವರು ದಪ್ಪ, ಹಿಂದಿನವರು ಕೂದಲೆಳೆ. ಅವನು ಸೂಜಿಯ ಜೊತೆ ಓರೆಯಾಗಿ ಸಾಣೆ ಹಿಡಿದ ದುಂಡು ಉಕ್ಕಿನ ಕಡ್ಡಿಯನ್ನೂ ಬಳಸುತ್ತಿದ್ದ. ಅದನ್ನು ಬೆರಳಲ್ಲಿ ಹೊರಳಿಸಿದಂತೆ ಗೆರೆ ಹಿಗ್ಗಿ ಕುಗ್ಗುತ್ತದೆ, ನಮ್ಮ ಓರೆ ನಿಬ್ಬಿನ ಪೆನ್ನಿನ ಹಾಗೆಯೇ.

ತಪ್ಪುವ ಕಡೆಗಳು ನಾಲ್ಕು. ಜಿಡ್ಡು ಉಳಿದ ಪ್ಲೇಟಿನ ಮೇಲೆ ಗ್ರೌಂಡ್ ಹಿಡಿಯದೆ ಆಮ್ಲ ಒಳನುಗ್ಗಿ ಚುಕ್ಕೆ ಕಚ್ಚುತ್ತದೆ. ಸೀಮೆಸುಣ್ಣದ ಪುಡಿಗೆ ಎರಡು ಹನಿ ಅಮೋನಿಯಾ ಹಾಕಿ ಉಜ್ಜಿ, ನಲ್ಲಿ ಕೆಳಗೆ ಹಿಡಿದಾಗ ನೀರು ಹಾಳೆಯಂತೆ ನಿಲ್ಲಬೇಕು, ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಗ್ರೌಂಡ್ ದಪ್ಪವಾದರೆ ಸೂಜಿಯ ಅಂಚಿನಲ್ಲಿ ಚಕ್ಕೆ ಏಳುತ್ತದೆ, ತೆಳುವಾದರೆ ಸೋರುತ್ತದೆ. ರೋಲ್ ಮಾಡಿದ ಮೇಲೆ ಜೇನುಕಂದು ಬಣ್ಣ ಇದ್ದರೆ ಸರಿ. ಗೆರೆಯ ಮೇಲೆ ಕೂತ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರುತ್ತಿರಬೇಕು. ಬಿಟ್ಟರೆ ಗುಳ್ಳೆಯ ಕೆಳಗಿನ ಲೋಹ ಕಚ್ಚದೆ ಗೆರೆ ತುಂಡುತುಂಡಾಗುತ್ತದೆ. ನಾಲ್ಕನೆಯದು, ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳು. ನೈಟ್ರಿಕ್ ಆಮ್ಲ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. ಎರಡು ಗೆರೆಗಳ ನಡುವಿನ ಗೋಡೆ ಕರಗಿ ಒಂದೇ ಹೊಂಡವಾದರೆ ಅಲ್ಲಿ ಇಂಕು ನಿಲ್ಲದೆ, ನೀವು ಬಯಸಿದ ಕಪ್ಪಿನ ಜಾಗದಲ್ಲಿ ಬೂದು ಕಲೆ ಕೂರುತ್ತದೆ.

ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಕಂದು ಹೊಗೆ ಎದ್ದರೆ ಪ್ಲೇಟನ್ನು ಕೂಡಲೇ ಎತ್ತಿ ಹೊರಗೆ ಬನ್ನಿ. ದ್ರಾವಣ ಗಟ್ಟಿಯಾಗಿದೆ ಅಥವಾ ಬಿಸಿಯೇರಿದೆ. ಲೋಹ ಕಚ್ಚಿಸುವ ಇನ್ನೊಂದು ರಾಸಾಯನಿಕ ಫೆರಿಕ್ ಕ್ಲೋರೈಡ್ ತಾಮ್ರಕ್ಕೆ ಒಳ್ಳೆಯದು, ಸತುವಿನ ಜೊತೆ ಕುದಿಯುವಷ್ಟು ಜೋರಾಗಿ ವರ್ತಿಸುತ್ತದೆ, ಬೇಡ. ಮನೆಯಲ್ಲಿ ಮಾಡುವವರಿಗೆ ನೈಟ್ರಿಕ್‌ಗಿಂತ ಮೈಲುತುತ್ತವೇ (ಕಾಪರ್ ಸಲ್ಫೇಟ್) ವಾಸಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣದಿಂದ ಪರಿಚಯವಿರುವ ಅದೇ ನೀಲಿ ಹರಳು. ಒಂದು ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಅಡುಗೆ ಉಪ್ಪು. ಸತುವನ್ನು ಚೆನ್ನಾಗಿ ಕಚ್ಚುತ್ತದೆ, ಕಂದು ಹೊಗೆಯ ಕಾಟವಿಲ್ಲ. ಗೆರೆಯಲ್ಲಿ ಕೆಂಪು ಕೆಸರು ಕೂರುತ್ತದೆ, ಅದನ್ನು ಮೆತ್ತನೆಯ ಬ್ರಷ್ಷಿನಿಂದ ಆಗಾಗ ಸರಿಸಬೇಕು. ಗಾಳಿಯಾಡುವ ಜಾಗ, ಕೈಗವಸು ಇದಕ್ಕೂ ಬೇಕು. ಬಳಸಿದ ನೀರನ್ನು ಚರಂಡಿಗೂ ಕೆರೆಗೂ ಸುರಿಯಬೇಡಿ, ತಾಮ್ರ ಮೀನಿಗೆ ವಿಷ.

ಪ್ರಶ್ನೆ: ಅಕ್ರಿಲಿಕ್ ಹಾಳೆಯ ಮೇಲೆ ಡ್ರೈಪಾಯಿಂಟ್ (ಆಮ್ಲವಿಲ್ಲದೆ ಸೂಜಿಯಿಂದಲೇ ಗೀರುವುದು) ಮಾಡಿದೆ. ಮೊದಲೆರಡು ಪ್ರಿಂಟಿನಲ್ಲಿ ಗೆರೆ ಮಖಮಲ್ಲಿನ ಹಾಗಿತ್ತು. ಎಂಟನೆಯ ಹೊತ್ತಿಗೆ ಬೋಳು.
– ಓದುಗರು, ಹುಬ್ಬಳ್ಳಿ

ಆ ಮಖಮಲ್ಲು ಗೆರೆಯ ಒಳಗಿನಿಂದ ಬಂದದ್ದಲ್ಲ, ಪಕ್ಕದಲ್ಲಿ ಎದ್ದ ಅಂಚಿನಿಂದ ಬಂದದ್ದು. ನೇಗಿಲು ಸಾಲಿನ ಪಕ್ಕಕ್ಕೆ ಮಣ್ಣು ತಳ್ಳುವಂತೆ ಸೂಜಿ ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಬದಿಗೆ ಎಬ್ಬಿಸುತ್ತದೆ. ಇದಕ್ಕೆ ಬರ್ ಎನ್ನುತ್ತಾರೆ. ಇಂಕು ಅದರ ಬುಡದಲ್ಲಿ ಸಿಕ್ಕಿಕೊಂಡು ಮೆತ್ತಗೆ ಹರಡುತ್ತದೆ. ಪ್ರತಿ ಸಲ ಒರೆಸಿದಾಗ, ಪ್ರೆಸ್ಸಿನ ಉರುಳೆ ಹಾದಾಗ ಅದು ಮುರಿಯುತ್ತದೆ, ಮಲಗುತ್ತದೆ. ಅಕ್ರಿಲಿಕ್ಕಿನಲ್ಲಿ ಬೇಗ, ತಾಮ್ರದಲ್ಲಿ ತಡವಾಗಿ. ತಾಮ್ರದಲ್ಲೂ ತುಂಬು ಗೆರೆ ಸಿಗುವುದು ಹತ್ತಿಪ್ಪತ್ತು ಪ್ರಿಂಟಿಗಷ್ಟೇ.

ಸೂಜಿಯನ್ನು 60 ಡಿಗ್ರಿ ಆಸುಪಾಸಿನಲ್ಲಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಎರಡು ಬದಿಗೂ ಸಣ್ಣ ಅಂಚು, ಗೆರೆ ಚೂಪು. ತೀರಾ ಮಲಗಿಸಿದರೆ ಅಂಚು ತೆಳುವಾಗಿ ಎದ್ದು ಮೊದಲ ಒರೆಸುವಿಕೆಗೇ ಕಿತ್ತುಬರುತ್ತದೆ. ಗಂಜಿ ಹಾಕಿದ ಮಸ್ಲಿನ್ ಬಟ್ಟೆಯನ್ನು ಉಂಡೆ ಮಾಡಿ, ಉಜ್ಜದೆ ಸುತ್ತಿಸುತ್ತ ಒರೆಸಿ. ಪ್ರೆಸ್ಸಿನ ಒತ್ತಡ ಎಚಿಂಗಿಗೆ ಬೇಕಾದ್ದಕ್ಕಿಂತ ಕಡಿಮೆ ಇರಲಿ. ಪರೀಕ್ಷೆ ಪ್ರಿಂಟುಗಳನ್ನು ಹೆಚ್ಚು ತೆಗೆಯಬೇಡಿ, ಒಳ್ಳೆಯ ಕಾಗದಕ್ಕೆ ಬರಬೇಕಾದ ಮಖಮಲ್ಲನ್ನು ಅವೇ ತಿಂದುಹಾಕುತ್ತವೆ.

ಇನ್ನೊಂದು ಮಾತು. ಬೋಳಾದ ಪ್ಲೇಟ್ ಸತ್ತಿತೆಂದು ಎಸೆಯಬೇಡಿ. ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ 'ಮೂರು ಶಿಲುಬೆಗಳು' ಬಹುತೇಕ ಡ್ರೈಪಾಯಿಂಟ್. ಮುಂದಿನ ಒಂದು ಹಂತದಲ್ಲಿ ಅವನು ಅದೇ ಪ್ಲೇಟಿನ ಜನಜಂಗುಳಿಯ ಎಷ್ಟೋ ಭಾಗವನ್ನು ಕೆರೆದು ಉಜ್ಜಿ ತೆಗೆದು, ಮೇಲಿಂದ ಕೆಳಕ್ಕೆ ಸುರಿಯುವ ಒರಟು ಗೆರೆಗಳಿಂದ ಕತ್ತಲು ಕವಿಸಿದ. ಮೊದಲ ಹಂತದಲ್ಲಿ ಒಬ್ಬೊಬ್ಬರ ಮುಖ ಗುರುತಿಸಬಹುದು. ಆಮೇಲಿನದರಲ್ಲಿ ಜನ ಕತ್ತಲಲ್ಲಿ ಕರಗಿ, ನಡುವಿನ ಶಿಲುಬೆಯ ಸುತ್ತಲ ಬೆಳಕು ಮಾತ್ರ ನಿಲ್ಲುತ್ತದೆ. ಹಳೆಯ ಗೆರೆಗಳ ಪಳೆಯುಳಿಕೆ ಹೊಸ ಗೆರೆಗಳ ಕೆಳಗೆ ಇಣುಕುತ್ತದೆ. ಬೇರೆ ಪ್ಲೇಟಿನಲ್ಲಿ ಹೊಸದಾಗಿ ಶುರುಮಾಡಿದ್ದರೆ ಆ ಗಾಢತೆ ಬರುತ್ತಿರಲಿಲ್ಲ.

ಪ್ರಶ್ನೆ: ಒಂದೇ ಒಂದು ಗೆರೆಯಿಂದ ಇಡೀ ಮುಖ ಕೆತ್ತಿದವರಿದ್ದಾರೆ ಎಂದು ಕೇಳಿದೆ. ನಿಜವೇ?
– ಓದುಗರು, ತುಮಕೂರು

ನಿಜ. ಫ್ರಾನ್ಸಿನ ಕ್ಲೋಡ್ ಮೆಲಾನ್, 1649, ತಾಮ್ರದ ಮೇಲಿನ ಎನ್‌ಗ್ರೇವಿಂಗ್, ಅಂದರೆ ಆಮ್ಲವಿಲ್ಲದೆ ಉಳಿಯಿಂದಲೇ ಕೆತ್ತಿದ್ದು. ಕ್ರಿಸ್ತನ ಮುಖ. ಗೆರೆ ಮೂಗಿನ ತುದಿಯಲ್ಲಿ ಹುಟ್ಟಿ ಸುರುಳಿಯಾಗಿ ಸುತ್ತುತ್ತ ಅಂಚಿನವರೆಗೆ ಹೋಗುತ್ತದೆ. ಅಡ್ಡಗೆರೆಯಿಲ್ಲ, ಚುಕ್ಕೆಯಿಲ್ಲ. ನೆರಳು ಬೇಕಾದ ಕಡೆ ಬ್ಯೂರಿನ್ ಎಂಬ ಉಕ್ಕಿನ ಉಳಿ ಆಳಕ್ಕಿಳಿದು ಗೆರೆ ದಪ್ಪವಾಗುತ್ತದೆ, ಬೆಳಕಿನ ಕಡೆ ಮೇಲೆದ್ದು ತೆಳುವಾಗುತ್ತದೆ. ಧಾರವಾಡದ ವಿದ್ಯಾರ್ಥಿನಿಗೆ ಹೇಳಿದ ಆಳ–ಅಗಲದ ಲೆಕ್ಕವೇ ಇದು. ಲಿನೋ ಮೇಲೆ ಪ್ರಯತ್ನಿಸುವುದಾದರೆ 3 ಮಿ.ಮೀ. ಅಂತರದ ಸುರುಳಿ ಬರೆದುಕೊಂಡು ವಿ ಉಳಿ ಬಳಸಿ. ಅಲ್ಲಿ ಅಗೆದದ್ದು ಬಿಳಿಯಾಗುವುದರಿಂದ ಆಳ ಮಾಡಿದಷ್ಟೂ ಬೆಳಕು ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಕೆಥೆ ಕೋಲ್‌ವಿಟ್ಸ್ ಅವರ ವುಡ್‌ಕಟ್‌ಗಳಲ್ಲಿ ಗೆರೆ ಬಹಳ ಕಡಿಮೆ, ಮುಖವೂ ಸರಿಯಾಗಿ ಕಾಣುವುದಿಲ್ಲ. ಆದರೂ ಎದೆ ಹಿಂಡುತ್ತದೆ. ಅದು ಹೇಗೆ ಸಾಧ್ಯವಾಗುತ್ತದೆ? ಕಲಿಯಬಹುದೇ?
– ಓದುಗರು, ಬೆಂಗಳೂರು

ಜರ್ಮನಿಯ ಕೋಲ್‌ವಿಟ್ಸ್ (1867–1945) ವುಡ್‌ಕಟ್ಟಿಗೆ ಬಂದದ್ದು ತಡವಾಗಿ, ಐವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಎಚಿಂಗ್‌ನಲ್ಲಿ, ಲಿಥೋಗ್ರಾಫ್‌ನಲ್ಲಿ (ಕಲ್ಲಚ್ಚು) ಪಳಗಿದ ಕೈ. ಅವರ ಚಿಕ್ಕ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಯುದ್ಧದಲ್ಲಿ ಸತ್ತ. 1920ರಲ್ಲಿ ಜರ್ಮನಿಯದೇ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್‌ನ ವುಡ್‌ಕಟ್‌ಗಳನ್ನು ನೋಡಿದ ಮೇಲೆ ಅವರು ಮರಕ್ಕೆ ತಿರುಗಿದರು. 'ಯುದ್ಧ' ಎಂಬ ಏಳು ವುಡ್‌ಕಟ್‌ಗಳ ಮಾಲೆ ಹೊರಬಂದದ್ದು 1923ರಲ್ಲಿ. ಅದರಲ್ಲಿನ 'ತಂದೆ ತಾಯಿ'ಯನ್ನೇ ನೋಡೋಣ.

ಇಬ್ಬರು ಮಂಡಿಯೂರಿದ್ದಾರೆ. ತಾಯಿ ಬಾಗಿ ತಂದೆಯೊಳಗೆ ಹುದುಗಿದ್ದಾಳೆ, ತಂದೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ. ಅಳು ಕಾಣಿಸುವ ಮುಖ ಒಂದೂ ಇಲ್ಲ. ಚಿತ್ರದಲ್ಲಿರುವುದು ಒಂದು ಕಪ್ಪು ಮುದ್ದೆ, ಬಂಡೆಯಂತೆ ಕುಸಿದು ಕೂತ ಒಂದೇ ಆಕಾರ. ಅವನ ಬಟ್ಟೆ ಎಲ್ಲಿ ಮುಗಿಯಿತು, ಅವಳದು ಎಲ್ಲಿ ಶುರುವಾಯಿತು ಎಂದು ಹೇಳುವ ಗೆರೆಯನ್ನು ಅವರು ಕೊರೆಯಲೇ ಇಲ್ಲ. ಇಬ್ಬರ ದುಃಖ ಬೇರೆಬೇರೆಯಲ್ಲ ಎನ್ನುವುದನ್ನು ಹೇಳಿದ್ದು ಆ ಇಲ್ಲದ ಗೆರೆ. ಒಳಗಿನ ಕೆಲವೇ ಬಿಳಿ ಕಡಿತಗಳು ಕೈಗೆ, ಬಟ್ಟೆಯ ಮಡಿಕೆಗೆ ಮೀಸಲು. ಕಣ್ಣು ಸೀದಾ ಆ ಕೈಗೆ ಹೋಗುತ್ತದೆ.

ಕಲಿಯಬಹುದು. ಕಪ್ಪು ಕಾಗದ, ಕತ್ತರಿ ತೆಗೆದುಕೊಳ್ಳಿ. ನಿಮ್ಮ ಚಿತ್ರದ ವ್ಯಕ್ತಿಗಳನ್ನು ಒಳವಿವರ ಏನೂ ಇಲ್ಲದ ಒಂದೇ ಆಕಾರವಾಗಿ ಕತ್ತರಿಸಿ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರ ನಿಂತು ನೋಡಿ. ಕೂತಿದ್ದಾರೋ, ಬಿದ್ದಿದ್ದಾರೋ, ಕಾಯುತ್ತಿದ್ದಾರೋ ಎಂಬುದು ಅಲ್ಲಿಂದಲೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಒಳಗೆ ಎಷ್ಟು ಗೆರೆ ಕೊರೆದರೂ ಗೊತ್ತಾಗುವುದಿಲ್ಲ. ಆಕಾರವನ್ನೇ ಮತ್ತೆ ಕತ್ತರಿಸಿ. ಸರಿಹೋದ ಮೇಲೆ ಅದರ ಮೇಲೆ ಬಿಳಿ ಬಣ್ಣದಲ್ಲಿ ಇಪ್ಪತ್ತೇ ಗೆರೆ ಎಳೆಯಿರಿ. ಇಪ್ಪತ್ತೊಂದನೆಯದು ಬೇಕೆನಿಸಿದರೆ ಹಿಂದಿನ ಒಂದನ್ನು ಕಪ್ಪಿನಿಂದ ಅಳಿಸಬೇಕು.

ಗೆರೆಯ ದಿಕ್ಕನ್ನೂ ಗಮನಿಸಿ. ತೋಳಿಗೆ ಅಡ್ಡವಾಗಿ, ಬಳೆಯಂತೆ ಬಾಗುವ ಗೆರೆಗಳು ಅದನ್ನು ದುಂಡಗೆ, ಮಾಂಸಲವಾಗಿ ಮಾಡುತ್ತವೆ. ಉದ್ದಕ್ಕೆ ಓಡುವ ಗೆರೆಗಳು ನರ, ಮೂಳೆ, ಬಿಗಿತವನ್ನು ಹೇಳುತ್ತವೆ. ಎರಡನ್ನೂ ಒಂದೇ ತೋಳಿನಲ್ಲಿ ಬೆರೆಸಿದರೆ ತೋಳು ಮೃದುವೂ ಅಲ್ಲ, ಬಿಗಿಯೂ ಅಲ್ಲ. ಹೊಸಬರ ಪ್ರಿಂಟುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದು.

ಪ್ರಶ್ನೆ: ಪ್ರಿಂಟಿನ ಕೆಳಗೆ 3/20 ಎಂದು ಬರೆದಿರುತ್ತಾರಲ್ಲ, ಏನದು?
– ಓದುಗರು, ದಾವಣಗೆರೆ

ಒಟ್ಟು ಇಪ್ಪತ್ತು ಪ್ರತಿಗಳಲ್ಲಿ ಇದು ಮೂರನೆಯದು. ಪೆನ್ಸಿಲಿನಲ್ಲೇ ಬರೆಯುವುದು ರೂಢಿ: ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. ಎ/ಪಿ (ಆರ್ಟಿಸ್ಟ್ಸ್ ಪ್ರೂಫ್) ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಅದು ಒಟ್ಟು ಸಂಖ್ಯೆಯ ಹತ್ತರಲ್ಲಿ ಒಂದು ಪಾಲಿನೊಳಗೆ ಇರುವುದು ವಾಡಿಕೆ. ಡ್ರೈಪಾಯಿಂಟಿನಲ್ಲಿ ಸಂಖ್ಯೆ ಚಿಕ್ಕದಿದ್ದಷ್ಟೂ ಗೆರೆ ತುಂಬಿರುವ ಸಾಧ್ಯತೆ ಹೆಚ್ಚು. ಲಿನೋ, ವುಡ್‌ಕಟ್ಟುಗಳಲ್ಲಿ ಆ ವ್ಯತ್ಯಾಸ ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ: ಇಂಕೇ ಇಲ್ಲದೆ ಪ್ರಿಂಟ್ ಮಾಡಲು ಸಾಧ್ಯವೇ? ಬಿಳಿಯ ಮೇಲೆ ಬಿಳಿ ಗೆರೆ ಕಾಣುವುದಾದರೂ ಹೇಗೆ?
– ಓದುಗರು, ಉಡುಪಿ

ನೆರಳಿನಿಂದ ಕಾಣುತ್ತದೆ. ಬಂಗಾಳದ ಸೋಮನಾಥ ಹೋರ್ (1921–2006) 1970ರ ದಶಕದಲ್ಲಿ ಮಾಡಿದ 'ಗಾಯಗಳು' ಮಾಲೆ ಇದಕ್ಕೆ ನಮ್ಮ ದೇಶದ ದೊಡ್ಡ ಉದಾಹರಣೆ. ಜೇಡಿಮಣ್ಣು ಅಥವಾ ಮೇಣದ ಹಾಳೆಯನ್ನು ಸೀಳಿ, ತಿವಿದು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕಾಗದದ ತಿರುಳನ್ನು ಒತ್ತಿ ಒಣಗಿಸಿದರು. ಕಾಗದವೇ ಚರ್ಮ, ಗೆರೆಯೇ ಸೀಳು. ಯುವಕನಾಗಿದ್ದಾಗ 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಬರೆದ ಕೈ ಅದು. ಕಪ್ಪು ಬಿಳಿಯ ಎದುರುಬದುರು ಇಲ್ಲದ ಕಾರಣ ಹತ್ತಿರ ಹೋಗಿ, ತಲೆ ಓರೆ ಮಾಡಿ ನೋಡಬೇಕು. ನೋಡಿದ ಮೇಲೆ ಬೆರಳಿಂದ ಮುಟ್ಟಬೇಕೆನಿಸುತ್ತದೆ, ಮುಟ್ಟಲು ಅಂಜಿಕೆಯಾಗುತ್ತದೆ.

ಮನೆಯಲ್ಲಿ ತಿರುಳು ತಯಾರಿಸುವುದು ಕಷ್ಟವೆನಿಸಿದರೆ ಹಳೆಯ ಲಿನೋ ಬ್ಲಾಕಿನಿಂದ ಶುರುಮಾಡಿ. ಇಂಕಿನ ಅಂಶ ಒಂದಿಷ್ಟೂ ಇರದಂತೆ ಅದನ್ನು ಸೀಮೆಎಣ್ಣೆ, ಆಮೇಲೆ ಸೋಪಿನ ನೀರಿನಲ್ಲಿ ತೊಳೆಯಿರಿ. 250ರಿಂದ 300 ಜಿಎಸ್ಎಂನ ಪೂರ್ಣ ಹತ್ತಿಯ ಕಾಗದವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎರಡು ಟವೆಲ್ ನಡುವೆ ಒತ್ತಿ ಹೊಳಪು ಹೋಗುವಷ್ಟು ಒಣಗಿಸಿ. ಪ್ರೆಸ್ ಇದ್ದರೆ ಎರಡು ದಪ್ಪ ಫೆಲ್ಟ್ (ಉಣ್ಣೆಯ ಹಾಸು) ಹಾಕಿ ನಿಧಾನವಾಗಿ ಒಂದೇ ಸಲ ಹಾಯಿಸಿ. ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಗೆರೆಗೆರೆಯನ್ನೂ ಒಳಕ್ಕೆ ಒತ್ತಿ; 2 ಮಿ.ಮೀ.ಗಿಂತ ಆಳದ, ಚೂಪು ಅಂಚಿನ ಗೆರೆಯಲ್ಲಿ ಕಾಗದ ಹರಿಯುತ್ತದೆ, ಅಂಥ ಅಂಚುಗಳನ್ನು ಮೊದಲೇ ಮರಳುಕಾಗದದಿಂದ ಮೊಂಡು ಮಾಡಿಕೊಳ್ಳಿ. ಒಣಗಿಸುವಾಗ ಮೇಲೆ ಭಾರ ಹೇರಬೇಡಿ, ಉಬ್ಬು ಚಪ್ಪಟೆಯಾಗುತ್ತದೆ. ಹಲಗೆಯ ಮೇಲೆ ಕಾಗದದ ನಾಲ್ಕು ಅಂಚಿಗೂ ಗೋಂದಿನ ಪಟ್ಟಿ ಅಂಟಿಸಿ ಒಂದು ದಿನ ಬಿಡಿ. ಗೋಡೆಗೆ ತೂಗುಹಾಕುವಾಗ ದೀಪ ಎದುರಿಗೆ ಬೇಡ, ಪಕ್ಕದಿಂದ ಬರಲಿ.